ಜಂತಿಗೇರಿದ ಕೂಸು

ನೀಲಗಂಗಾ ಅಂದು ಒಂದು ಮಹತ್ವದ ನಿರ್ಧಾರ ಕೈಗೊಳ್ಳಬೇಕಿತ್ತು: ರುಬ್ಬುಗುಂಡನ್ನು ಸೊಂಟದ ಎಡಕ್ಕೆ ಕಟ್ಟಿಕೊಳ್ಳುವುದೋ, ಬಲಕ್ಕೋ. ಅಂಜಿದವರು ನೆಲ ಬಿಟ್ಟು ಮೇಲೇಳುತ್ತಾರೆಂಬುದು ಎಲ್ಲರಿಗೂ ಗೊತ್ತು. ಮನೆ ನೋಡಲು ಬರುವ ಅಧಿಕಾರಿಯ ಮುಂದೆ ಬೆರಳಷ್ಟು ಎದ್ದರೂ ಸಾಕಲು ಕೂಸು ಕೊಡುವುದಿಲ್ಲ.

ಅಧಿಕಾರಿ ಕೂಸಿನೊಂದಿಗೇ ಬಂದರು. ನಾಲ್ಕು ವರ್ಷದ ಚೆನ್ನಿ ಹೊಸ ಮನೆ ಕಂಡು ಬೆದರಿ, ಸೀದಾ ಜಂತಿಗೇರಿ ಅಳತೊಡಗಿದಳು.

“ಕೊಕ್ಕಿ ತರ್ರಿ, ಜಗ್ಗೋಣು,” ಎಂದರು ಅಧಿಕಾರಿ.

“ಕೂಸೇನು ಮಾವಿನಕಾಯೇನ್ರಿ, ಸಾಹೇಬ್ರ?”

ನೀಲಗಂಗಾ ಗುಂಡಿನ ಗಂಟು ಬಿಚ್ಚಿದಳು. ಬೆಳಗಿನಿಂದ ತಡೆದಿಟ್ಟ ಅಂಜಿಕೆಯೆಲ್ಲ ಅವಳನ್ನು ಒಮ್ಮೆಲೇ ಮೇಲೆತ್ತಿತು. ಚೆನ್ನಿ ಅವಳ ಕೊರಳಿಗೆ ಜೋತುಬಿದ್ದಳು.

“ನಿನಗೂ ಅಂಜಿಕಿ ಬಂತೇನು?”

“ಭಾಳ ಬಂತು, ನನ್ನವ್ವ.”

ಕೆಳಗಿನಿಂದ ಎಷ್ಟು ಕರೆದರೂ ಇಬ್ಬರೂ ಇಳಿಯಲಿಲ್ಲ. ಸಂಜೆಯ ಬಸ್ಸಿಗೆ ಅಧಿಕಾರಿ ಒಬ್ಬರೇ ಹೋದರು.