ಗವಸಿನ ಹರಕು

ಟೋಬಿಯ ಆಪರೇಷನ್ ಗೌನಿನ ಲಾಡಿ ಕಟ್ಟುತ್ತಿದ್ದ ಎವರೆಟ್‌ಗೆ ಟೋಬಿಯ ಕೈಗವಸಿನಲ್ಲಿ ಸಣ್ಣ ಹರಕು ಕಂಡಿತು. ರೋಗಿಗೆ ನಂಜೇರಲು ಅಷ್ಟೇ ಸಾಕು. ಇಬ್ಬರೂ ನ್ಯೂಯಾರ್ಕಿನ ಒಂದು ಆಸ್ಪತ್ರೆಯ ಕಿರಿಯ ಡಾಕ್ಟರುಗಳೇ. ಆದರೆ ದೊಡ್ಡ ಸರ್ಜನ್ ಹ್ಯಾಡ್ಲಿ ಇವತ್ತೂ ಆಪರೇಷನ್‌ಗೆ ನೆರವಾಗಲು ಟೋಬಿಯನ್ನೇ ಕರೆದಿದ್ದರು. ಎವರೆಟ್‌ಗೆ ಹೊಟ್ಟೆ ಉರಿಯಿತು. ಆಪರೇಷನ್ ನೋಡಲು ಬರುವವರಿಂದ ಮೇಲಿನ ಗ್ಯಾಲರಿ ತುಂಬಲಿ, ಎಲ್ಲರೆದುರೇ ಇವನ ಮರ್ಯಾದೆ ಹೋಗಲಿ ಎಂದು ಸುಮ್ಮನಾದ.

"ಏನೋ, ಉಸಿರೇ ನಿಲ್ಲೋ ಹಾಗೆ ಬಿಗೀತಿದ್ದೀಯಲ್ಲ!" ಟೋಬಿ ನಕ್ಕ.

ಹ್ಯಾಡ್ಲಿ ಎಂಟು ವರ್ಷದ ಹುಡುಗಿಯ ಹೊಟ್ಟೆ ಕೊಯ್ದರು. ಟೋಬಿ ಕೈ ಚಾಚಿದ. "ಸರ್, ಇವನ ಗವಸು ಹರಿದಿದೆ!" ಎವರೆಟ್ ಗ್ಯಾಲರಿಗೆಲ್ಲ ಕೇಳುವಂತೆ ಕೂಗಿದ.

"ಬದುಕಿಸಿದೆ ಕಣೋ," ಎನ್ನುತ್ತ ಟೋಬಿ ಗವಸು ಬದಲಿಸಲು ಓಡಿದ.

ಹ್ಯಾಡ್ಲಿ ತಲೆ ಎತ್ತಲಿಲ್ಲ. "ಯಾವಾಗ ನೋಡ್ದೆ ಅದನ್ನ?"

"ಲಾಡಿ ಕಟ್ಟೋವಾಗ, ಸರ್," ಎಂದ ಎವರೆಟ್.

"ಹೊರಗೆ ಈ ಮಗು ತಾಯಿ ಕೂತಿದ್ದಾಳೆ. ಇಷ್ಟು ಹೊತ್ತು ಯಾಕೆ ಕಾದೆ ಅಂತ ಅವಳಿಗೆ ಹೇಳು, ಹೋಗು."