ಒಂದು ಸಾಲು ಬಾಕಿ

ಹಾಡು ಇಂಟರ್ನೆಟ್ಟಿಗೆ ಏರಿ ಅರ್ಧ ದಿನ ಕಳೆದ ಮೇಲೆ ಸ್ಟುಡಿಯೋದ ಎಂಜಿನಿಯರ್ ಅದನ್ನು ಕಿವಿಗೊಟ್ಟು ಕೇಳಿದ. ಕೇಳಿದವನು ಕುರ್ಚಿಯಿಂದ ಎದ್ದೇ ಬಿಟ್ಟ. ಹೆಸರು ಹಾಕಿದ್ದು ಹೆಸರಾಂತ ಗಾಯಕಿಯದು; ಕೇಳಿಸುತ್ತಿದ್ದ ದನಿ ಟ್ರ್ಯಾಕ್ ಹಾಡುವವಳದು.

"ಸಾರ್, ಎಡವಟ್ಟಾಗಿದೆ. ತಪ್ಪು ಫೈಲ್ ಹೋಗ್ಬಿಟ್ಟಿದೆ."

ಸಂಗೀತ ನಿರ್ದೇಶಕರು ಟೀ ಲೋಟವನ್ನು ಅಲ್ಲೇ ಕುಕ್ಕಿದರು. "ಜನರಿಗೆ ಗೊತ್ತಾಯ್ತಾ?"

"ಇಲ್ಲ ಸಾರ್. ಮೇಡಂ ಇಷ್ಟು ಚೆನ್ನಾಗಿ ಯಾವತ್ತೂ ಹಾಡಿಲ್ಲ ಅಂತ ಒಂದೇ ಸಮ ಬರೀತಿದ್ದಾರೆ."

ಟ್ರ್ಯಾಕ್ ಹಾಡುವುದೆಂದರೆ ಇಷ್ಟೇ. ದೊಡ್ಡ ಗಾಯಕಿ ಕೇಳಿ ಕಲಿತುಕೊಳ್ಳಲೆಂದು ಹಾಡನ್ನು ಮೊದಲು ಹಾಡಿಕೊಡುವುದು. ಗಾಯಕಿಯ ದನಿ ಬಂದ ಕೂಡಲೇ ಇವಳದನ್ನು ಅಳಿಸಿ ಹಾಕುತ್ತಾರೆ. ಕ್ಯಾಸೆಟ್ಟಿನ ಕಾಲದಲ್ಲಾದರೆ ಅಚ್ಚಿಗೆ ಹೋಗುವ ಮೊದಲು ಹತ್ತಾರು ಜನ ಕೂತು ಕೇಳುತ್ತಿದ್ದರು, ಇಂಥದ್ದು ಕನಸಿನಲ್ಲೂ ನಡೆಯುತ್ತಿರಲಿಲ್ಲ. ಈಗ ಪಿಟೀಲಿನವನು ತನ್ನ ಮನೆಯಲ್ಲಿ, ಕೊಳಲಿನವನು ತನ್ನ ಮನೆಯಲ್ಲಿ ನುಡಿಸಿ ಕಳಿಸುತ್ತಾರೆ. ಗಾಯಕಿ ಯಾವುದೋ ಹೋಟೆಲ್ ರೂಮಿನಲ್ಲಿ ಹಾಡಿ ಮೇಲ್ ಮಾಡುತ್ತಾಳೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲವನ್ನೂ ಸೇರಿಸಿ ಒಂದು ಗುಂಡಿ ಒತ್ತಿದರೆ ಹಾಡು ಲೋಕಕ್ಕೆಲ್ಲ ಹೋಯಿತು. ಎಂಜಿನಿಯರ್ ನಿದ್ದೆಗಣ್ಣಲ್ಲಿ ಒತ್ತಿದ್ದ. ಪಾಪ, ಅವನೂ ಮನುಷ್ಯನೇ.

ನಿರ್ದೇಶಕರು ಗಾಯಕಿಗೆ ಫೋನ್ ಮಾಡಿದರು. "ಒಂದರ್ಧ ಗಂಟೆ ಕೊಡಿ ಮೇಡಂ, ಸದ್ದಿಲ್ಲದೆ ನಿಮ್ಮ ದನಿ ಹಾಕ್ಬಿಡ್ತೀವಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ ಮೇಷ್ಟ್ರೇ," ಎಂದಳು ಗಾಯಕಿ. "ನಾನೂ ಕೇಳಿದೆ. ಅವಳ ಹಾಗೆ ಹಾಡೋಕೆ ಹೋಗಿ ನನ್ನ ಕೈಲಿ ಆಗಿರ್ಲಿಲ್ಲ, ನಿಮಗೆ ಹೇಳೋಕೆ ನಾಚಿಕೆಯಾಗಿ ಸುಮ್ಮನಿದ್ದೆ. ಬದಲಾಯಿಸೋದಾದ್ರೆ ಹೆಸರು ಬದಲಾಯಿಸಿ."

ಇಂಥ ಮಾತನ್ನು ಎಷ್ಟು ಜನ ಆಡಿಯಾರು? ನಿರ್ದೇಶಕರು ಕೂಡಲೇ ಒಪ್ಪಿದರು. ಆದರೆ ಒಂದು ತೊಡಕಿತ್ತು. ಟ್ರ್ಯಾಕ್ ಹಾಡುವ ದಿನ ಚರಣದ ಕೊನೆಯ ಸಾಲನ್ನು ಕವಿ ಇನ್ನೂ ಬರೆದಿರಲಿಲ್ಲ. ಅಲ್ಲಿ ಅವಳು ಸುಮ್ಮನೆ 'ತನನ' ಎಂದು ತುಂಬಿಸಿದ್ದಳು. "ಜನ ಆ ತನನಾನೇ ಹೊಗಳ್ತಿದ್ದಾರಲ್ಲ ಸಾರ್, ನಾನು ತಲೆ ಕೆರ್ಕೊಂಡು ಬರೆದಿದ್ದು ದಂಡವಾ?" ಎಂದು ಕವಿ ಫೋನಿನಲ್ಲೇ ಗೋಳಾಡಿದ. ಹಾಡಿನ ಕಂಪನಿಯವರೂ ಪಟ್ಟು ಹಿಡಿದರು: ಸಂಜೆಯೊಳಗೆ ಟ್ರ್ಯಾಕ್ ಹಾಡಿದವಳೇ ಆ ಸಾಲು ಹಾಡಿ ಸೇರಿಸಿದರೆ ಹಾಡು ಅವಳ ಹೆಸರಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಗಾಯಕಿ ಏನೇ ಅನ್ನಲಿ, ಅವರ ದನಿಯನ್ನೇ ಹಾಕುತ್ತೇವೆ.

ಸ್ಟುಡಿಯೋದಿಂದ ಕರೆ ಬಂದಾಗ ಟ್ರ್ಯಾಕ್ ಹಾಡುವವಳು ಪಾತ್ರೆ ತೊಳೆಯುತ್ತಿದ್ದಳು. 'ಹಾಡೋಕೆ ಅಂತ ದಿನಾ ಹೋಗ್ತಾಳೆ, ಹಾಡು ಮಾತ್ರ ಒಂದೂ ನಮ್ಮ ಕಿವಿಗೆ ಬಿದ್ದಿಲ್ಲ' ಎಂದು ಅಕ್ಕಪಕ್ಕದವರ ಮುಂದೆ ಮೂಗು ಮುರಿಯುತ್ತಿದ್ದ ಅತ್ತೆ ವಿಷಯ ಕೇಳಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು. ಆಮೇಲೆ ಸೊಸೆಯ ಕೈಯಿಂದ ಬಾಣಲೆ ಕಿತ್ತುಕೊಂಡು, "ಇದನ್ನ ನಾನು ಉಜ್ತೀನಿ. ನೀನು ಮೊದಲು ಹೊರಡು," ಎಂದಳು.

ಸ್ಟುಡಿಯೋದಲ್ಲಿ ಎಂಜಿನಿಯರ್ ಪರದೆಯ ಮೇಲೆ ಅವಳ ಹೆಸರು ತೋರಿಸಿದ. ಅವಳು ಬಗ್ಗಿ ಬಗ್ಗಿ ಓದಿದಳು. "ಅಕ್ಷರ ಸರಿ ಇದೆಯಾ ಅಂತ ನೋಡ್ದೆ," ಎಂದಳು, ಕಣ್ಣೊರೆಸಿಕೊಂಡು.

"ಒಂದೇ ಒಂದು ಸಾಲಮ್ಮ," ಎಂದರು ನಿರ್ದೇಶಕರು. "ನಿನಗೇನು, ನೀರು ಕುಡಿದಷ್ಟು ಸುಲಭ."

ನಿಜವೇ. ಸ್ಟುಡಿಯೋದವರೆಲ್ಲ ಬೋಂಡಾ ತಿನ್ನುತ್ತ ಹರಟೆ ಹೊಡೆಯುತ್ತಿದ್ದಾಗಲೇ ಇಡೀ ಹಾಡು ಮುಗಿಸಿ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದವಳು ಅವಳು. ಗಾಜಿನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡಳು. ಹಾಡಿದಳು. ಶ್ರುತಿ ಸರಿಯಿತ್ತು, ತಾಳ ಸರಿಯಿತ್ತು. ಎಂಜಿನಿಯರ್ ಅದನ್ನು ಹಾಡಿನೊಳಗೆ ಕೂಡಿಸಿ ಕೇಳಿಸಿದ. ಬೇರೆ ಯಾರೋ ನಡುವೆ ಬಂದು ಹಾಡಿ ಹೋದ ಹಾಗಿತ್ತು. ಮತ್ತೆ ಹಾಡಿದಳು. ಹೊಸ ಬಟ್ಟೆ ಹಾಕಿಸಿಕೊಂಡ ಮಗುವಿನ ಹಾಗೆ ಅವಳ ದನಿ ಬಿಗಿದುಕೊಂಡು ನಿಂತಿತ್ತು. ಬೇರೊಂದು ರೀತಿ ಪ್ರಯತ್ನಿಸಿದಳು, ಕಣ್ಣು ಮುಚ್ಚಿ ಹಾಡಿದಳು, ದೀಪ ಆರಿಸಿಕೊಂಡು ಹಾಡಿದಳು. ಕಿಟಕಿಯಾಚೆ ಬಿಸಿಲು ಇಳಿಯುತ್ತಿತ್ತು. ಕಂಪನಿಯವರ ಫೋನು ಮೇಜಿನ ಮೇಲೆ ಅದುರುತ್ತಲೇ ಇತ್ತು.

ನಿರ್ದೇಶಕರು ಕುರ್ಚಿ ಎಳೆದುಕೊಂಡು ಗಾಜಿನ ಹತ್ತಿರ ಕೂತರು. ಧೈರ್ಯ ತುಂಬಲೆಂದು ಮೈಕಿನ ಗುಂಡಿ ಒತ್ತಿ ಹೇಳಿದರು: "ಹೆದರ್ಬೇಡಮ್ಮ. ಲಕ್ಷಾಂತರ ಜನ ನಿನ್ನ ದನಿ ಕೇಳೋಕೆ ಕಾಯ್ತಿದ್ದಾರೆ."

ಅವಳು ಮತ್ತೆ ಮೈಕಿನ ಮುಂದೆ ನಿಂತಳು. ಈ ಸಲ ಬಾಯಿಂದ ಮೊದಲ ಪದವೂ ಹೊರಡಲಿಲ್ಲ. ಅವಳು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ನಿರ್ದೇಶಕರನ್ನು ಬಿಟ್ಟು ಎಂಜಿನಿಯರ್ ಕಡೆ ನೋಡಿದಳು.

"ತಮ್ಮಾ, ಒಂದು ಉಪಕಾರ ಮಾಡ್ತೀಯಾ?"

"ಹೇಳಿ ಅಕ್ಕ."

"ಇದು ಬರೀ ಟ್ರ್ಯಾಕು, ಆಮೇಲೆ ಅಳಿಸಿಬಿಡ್ತೀವಿ ಅಂತ ಒಂದ್ಸಲ ಹೇಳಪ್ಪ. ಸುಳ್ಳಾದ್ರೂ ಪರವಾಗಿಲ್ಲ."