ಬೆಚ್ಚಗಾದ ಕಡಿವಾಣ

ಚಳಿಗಾಲದಲ್ಲಿ ಗೋಣಿಚೀಲದ ವಾಸನೆ ಬಂದರೆ ಇಂದಿಗೂ ನನಗೆ ಶಿಕಾರಿಪುರದಲ್ಲಿ ಚಿಕ್ಕಪ್ಪನ ಮದುವೆಯಾದ ಬೆಳಗು ನೆನಪಾಗುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳವು; ನಾನಾಗ ಎಂಟು ವರ್ಷದ ಹುಡುಗಿ. ಪೋಲಿಯೋದಿಂದ ಒಂದು ಕಾಲು ಸೊರಗಿದ್ದ ಚಿಕ್ಕಪ್ಪ, ಕುದುರೆ ಮೇಲೆಯೇ ಮಂಟಪಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದರು. "ಚಳಿಗೆ ಕುದುರೆ ಜಿಗಿದಾಡ್ತದೆ, ಬಿದ್ದುಗಿದ್ದೀಯ. ಕಾರಲ್ಲಿ ಬಾರೋ" ಎಂದು ಅಪ್ಪ ಗದರಿದರೂ ಕೇಳಲಿಲ್ಲ.

ನಾನು ಕುದುರೆ ನೋಡಲು ಓಡಿದೆ. ಜಟಕಾ ಹೊಡೆಯುವ ಹುಸೇನಜ್ಜ ಗೋಣಿಚೀಲದಿಂದ ಅದರ ಬೆನ್ನನ್ನು ಗಸಗಸ ತಿಕ್ಕುತ್ತಿದ್ದರು. ಆಮೇಲೆ ಅಂಗಳದಲ್ಲಿ ನಿಧಾನವಾಗಿ ನಡೆಸಿದರು. ಅದರ ಮೂಗಿನಿಂದ ಹಬೆ ಏಳುತ್ತಿತ್ತು. ಕಡಿವಾಣದ ಕಬ್ಬಿಣವನ್ನು ಮಾತ್ರ ಬಾಯಿಗೆ ಹಾಕದೆ ಅಂಗೈಗಳ ನಡುವೆ ಹಿಡಿದು ಕೂತರು.

"ಯಾಕಜ್ಜ, ಹಾಕಲ್ವಾ?" ಎಂದೆ.

"ಮುಟ್ಟಿ ನೋಡವ್ವ. ಇಷ್ಟು ತಣ್ಣಗಿರೋದನ್ನ ನಿನ್ನ ಬಾಯಾಗ ಇಟ್ರೆ ನೀ ಸುಮ್ನಿರ್ತೀಯಾ?"

ನಾನೂ ಅಂಗೈ ಕೊಟ್ಟೆ. ಕಬ್ಬಿಣ ಬೆಚ್ಚಗಾಗುವವರೆಗೆ ಇಬ್ಬರೂ ಹಿಡಿದುಕೊಂಡಿದ್ದೆವು.

ಕುದುರೆ ತಲೆ ಕೊಡವದೆ ಕಡಿವಾಣ ಹಾಕಿಸಿಕೊಂಡಿತು. ವಾಲಗದ ಸದ್ದಿಗೂ ಬೆದರದೆ ನಡೆಯಿತು. ಮೇಲೆ ಕೂತ ಚಿಕ್ಕಪ್ಪ ಅಂದು ಎಲ್ಲರಿಗಿಂತ ಎತ್ತರವಾಗಿದ್ದರು. ಮಂಟಪದ ಮುಂದೆ ಅಪ್ಪ ಇಳಿಸಿಕೊಳ್ಳಲು ಕೈಚಾಚಿದಾಗ ಚಿಕ್ಕಪ್ಪ ಹುಸೇನಜ್ಜನ ಕಡೆ ಬಗ್ಗಿ, "ಸಾಬ್ರೆ, ಇನ್ನೊಂದು ಸುತ್ತು ಹೋಗಿ ಬರಾಣ ನಡೀರಿ" ಎಂದರು.